ನೋಡಿ ಮುಗಿಸಿದ ಸಿನಿಮಾದ ಬಗ್ಗೆ ಇನ್ನೂ ಎರಡು ಗಂಟೆ ಕೇಳೋದ್ಯಾಕೆ?

ಎರಡೂವರೆ ಗಂಟೆಯ ಸಿನಿಮಾ. ನೋಡಿ ಮುಗಿಸಿದ್ದಾಗಿದೆ. ಕಥೆ ಗೊತ್ತು, ಕೊನೆ ಗೊತ್ತು, ಹಾಡು ಬಾಯಿಪಾಠ ಆಗಿದೆ. ಆಮೇಲೆ ಅದೇ ಸಿನಿಮಾದ ಬಗ್ಗೆ ಮೂವರು ಗೆಳೆಯರು ಒಂದು ರೂಮಿನಲ್ಲಿ ಕೂತು ಮಾತಾಡಿದ ಎರಡು ಗಂಟೆಯ ಪಾಡ್‌ಕಾಸ್ಟ್ ಬರುತ್ತದೆ. ಜನ ಅದನ್ನೂ ಕೇಳುತ್ತಾರೆ. ಮಾತಾಡಿದವರು ನಿರ್ದೇಶಕರಲ್ಲ, ನಟರಲ್ಲ, ಪತ್ರಿಕೆಯ ವಿಮರ್ಶಕರೂ ಅಲ್ಲ. ಒಬ್ಬ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾನೆ, ಇನ್ನೊಬ್ಬಳು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಮತ್ತೊಬ್ಬ ಸಾಫ್ಟ್‌ವೇರ್. ಮಧ್ಯದಲ್ಲಿ ಒಬ್ಬನಿಗೆ ನಟನ ಹೆಸರು ಮರೆತುಹೋಗುತ್ತದೆ. ಇನ್ನೊಬ್ಬಳ ಮನೆಯ ಕುಕ್ಕರ್ ಕೂಗುತ್ತದೆ. ಆದರೂ ಕೇಳುತ್ತಿದ್ದವರು ನಿಲ್ಲಿಸುವುದಿಲ್ಲ.

ಇಂಥ ಕೇಳುಗರು ಹಾಸನದಲ್ಲೂ ಸಿಗುತ್ತಾರೆ, ಚಿಕ್ಕಮಗಳೂರಲ್ಲೂ ಸಿಗುತ್ತಾರೆ. ಮನೆಯವರಿಗೆ ಮಾತ್ರ ಇದು ತಲೆಗೆ ಹತ್ತುವುದಿಲ್ಲ. "ಸಿನಿಮಾನೇ ನೋಡಿದ್ದೀಯಲ್ಲ, ಇನ್ನೇನು ಕೇಳೋದು ಅದ್ರಲ್ಲಿ?" ಪ್ರಶ್ನೆ ನ್ಯಾಯವಾದದ್ದೇ.

ಆದರೆ ಮಲೆನಾಡಿನವರು ಈ ಪ್ರಶ್ನೆ ಕೇಳಿದರೆ ನನಗೆ ಸ್ವಲ್ಪ ನಗು ಬರುತ್ತದೆ. ಕೊಪ್ಪ, ಶೃಂಗೇರಿ ಕಡೆಯ ತಾಳಮದ್ದಳೆ ನೋಡಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ಕರ್ಣ ಸಾಯುತ್ತಾನೆ ಅನ್ನುವುದು ಅಲ್ಲಿ ತೂಕಡಿಸುತ್ತಿರುವ ಮಗುವಿಗೂ ಗೊತ್ತು. ಜನ ಬಂದಿರುವುದು ಇವತ್ತಿನ ಕರ್ಣ ಇವತ್ತಿನ ಕೃಷ್ಣನಿಗೆ ಏನು ಉತ್ತರ ಕೊಡುತ್ತಾನೆ ಅಂತ ಕೇಳಲು. ಮಾತು ಮೊದಲೇ ಬರೆದಿಟ್ಟದ್ದಲ್ಲ, ಆ ಕ್ಷಣಕ್ಕೆ ಹುಟ್ಟುವಂಥದ್ದು. ಮಾತಾಡುವವರಲ್ಲಿ ಮೇಷ್ಟ್ರು, ವಕೀಲರು, ತೋಟದವರು, ಹೀಗೆ ಹಗಲು ಬೇರೆ ಕೆಲಸ ಇರುವವರು ಎಷ್ಟೋ ಜನ. ಗೊತ್ತಿರುವ ಕಥೆಯ ಮೇಲೆ ಹವ್ಯಾಸಿಗಳು ಗಂಟೆಗಟ್ಟಲೆ ವಾದ ಮಾಡುವುದು, ಅದನ್ನು ಕೇಳಲು ಜನ ಕೂರುವುದು ನಮ್ಮ ಕಡೆಗೆ ಹೊಸದೇನಲ್ಲ.

ಕೊನೆ ಗೊತ್ತಿದ್ದರೆ ಕಥೆ ಸಪ್ಪೆಯಾಗುತ್ತದೆ ಅನ್ನುವ ನಂಬಿಕೆಯನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಸ್ಯಾನ್ ಡಿಯಾಗೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೀವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ 2011ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಸಣ್ಣಕಥೆಗಳನ್ನು ಕೆಲವರಿಗೆ ಹಾಗೇ ಕೊಟ್ಟರು, ಕೆಲವರಿಗೆ ಕೊನೆಯನ್ನು ಮೊದಲೇ ಹೇಳಿ ಕೊಟ್ಟರು. ಕೊನೆ ಗೊತ್ತಿದ್ದವರೇ ಕಥೆಯನ್ನು ಸ್ವಲ್ಪ ಜಾಸ್ತಿ ಮೆಚ್ಚಿದರು. ಆಮೇಲೆ ಬಂದ ಅಧ್ಯಯನಗಳೆಲ್ಲ ಇದನ್ನೇ ಹೇಳಿಲ್ಲ, ಕೆಲವು ಉಲ್ಟಾ ಹೇಳಿವೆ. ಆದರೂ ಒಂದು ಮಾತು ಒಪ್ಪಬಹುದು. ಮುಂದೇನಾಗುತ್ತೆ ಅನ್ನುವ ಆತಂಕ ಇಳಿದ ಮೇಲೆ ಮನಸ್ಸಿಗೆ ಬೇರೆ ವಿಷಯ ನೋಡಲು ಬಿಡುವಾಗುತ್ತದೆ. ಆ ಪಾತ್ರ ಅಲ್ಲಿ ಯಾಕೆ ಸುಮ್ಮನಾಯಿತು, ಆ ದೃಶ್ಯದಲ್ಲಿ ಹಿಂದಿನಿಂದ ಬಂದ ಸದ್ದು ಏನು, ಇಂಥವು ಕಣ್ಣಿಗೆ ಬೀಳುವುದು ಆಗಲೇ. ಪಾಡ್‌ಕಾಸ್ಟಿನವರು ಕೈ ಹಾಕುವುದೂ ಇಲ್ಲಿಗೇ.

ಒಬ್ಬರೇ ನೋಡಿದ ಸಿನಿಮಾ

ಮೊದಲೆಲ್ಲ ಸಿನಿಮಾ ಅಂದರೆ ಗುಂಪಿನ ಕೆಲಸ. ಆಲ್ದೂರಿನಿಂದ ಚಿಕ್ಕಮಗಳೂರಿಗೆ, ಆಲೂರಿನಿಂದ ಹಾಸನಕ್ಕೆ ಬಂದು ಮ್ಯಾಟಿನಿ ನೋಡಿ ಕೊನೆ ಬಸ್ಸಿಗೆ ವಾಪಸ್. ಇಂಟರ್ವಲ್‌ನಲ್ಲಿ ಅರ್ಧ ಚರ್ಚೆ, ಬಸ್ ಸ್ಟ್ಯಾಂಡಿನಲ್ಲಿ ಉಳಿದರ್ಧ. ಸೆಕೆಂಡ್ ಹಾಫ್ ಎಳೆದಿದ್ದಾರೆ ಅಂತ ಒಬ್ಬ, ಇಲ್ಲ ಅಲ್ಲೇ ಇರೋದು ಮಜಾ ಅಂತ ಇನ್ನೊಬ್ಬ. ಮನೆ ಸೇರುವ ಹೊತ್ತಿಗೆ ಎಲ್ಲರ ತಲೆಯಲ್ಲೂ ಸಿನಿಮಾ ಸ್ವಲ್ಪ ಬದಲಾಗಿರುತ್ತಿತ್ತು.

ಈಗ ಥಿಯೇಟರಿಗೆ ಬಂದ ಸಿನಿಮಾ ಕೆಲವೇ ವಾರಗಳಲ್ಲಿ ಫೋನಿಗೂ ಬರುತ್ತದೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಶುರುವಾಗಿ ಡೇಟಾ ಅಗ್ಗವಾದ ಮೇಲೆ ಈ ಅಭ್ಯಾಸ ಸಣ್ಣ ಊರುಗಳಿಗೂ ಹಬ್ಬಿತು. ಊಟ ಮುಗಿಸಿ, ಮಲಗಿಕೊಂಡು, ಇಯರ್‌ಫೋನ್ ಹಾಕಿ ಒಬ್ಬರೇ ನೋಡುವುದು. ರಾತ್ರಿ ಹನ್ನೆರಡೂವರೆಗೆ ಸಿನಿಮಾ ಮುಗಿಯುತ್ತದೆ. ಕ್ಲೈಮ್ಯಾಕ್ಸ್ ಯಾಕೋ ಸರಿಹೋಗಲಿಲ್ಲ ಅನಿಸುತ್ತದೆ. ಯಾರಿಗೆ ಹೇಳುವುದು? ಜೊತೆಗೆ ಓದಿದವರು ಬೆಂಗಳೂರಿನ ಪಿ.ಜಿ.ಗಳಲ್ಲಿದ್ದಾರೆ. ಪಕ್ಕದಲ್ಲಿ ಮಲಗಿದವರಿಗೆ ಬೆಳಗ್ಗೆ ಬೇಗ ಏಳಬೇಕು. ವಾಟ್ಸಾಪ್ ಗ್ರೂಪಿಗೆ ಬರೆದರೆ ಒಂದು ನಗುವ ಮುಖ ಬರುತ್ತದೆ, ಅಲ್ಲಿಗೆ ಮುಗಿಯಿತು.

ಸಿನಿಮಾ ಕೈಗೆ ಹತ್ತಿರವಾಯಿತು, ಅದರ ಜೊತೆಗೆ ಬರುತ್ತಿದ್ದ ಮಾತು ಕಳೆದುಹೋಯಿತು. ಪಾಡ್‌ಕಾಸ್ಟ್ ಕೇಳುವವರು ಹುಡುಕುತ್ತಿರುವುದು ಈ ಮಾತನ್ನೇ ಅಂತ ನನ್ನ ಅನಿಸಿಕೆ. ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಅನ್ನುವ ತೀರ್ಪು ಅವರಿಗೆ ಬೇಕಿಲ್ಲ. ತೀರ್ಪು ಅವರ ಹತ್ತಿರವೇ ಇದೆ.

ಮನಶ್ಶಾಸ್ತ್ರದಲ್ಲಿ ಇದನ್ನು ವಿವರಿಸುವ ಒಂದು ವಿಚಾರವಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಟೋರಿ ಹಿಗ್ಗಿನ್ಸ್ ಮತ್ತು ಜೊತೆಗಾರರು ಅದರ ಮೇಲೆ ತುಂಬ ಕೆಲಸ ಮಾಡಿದ್ದಾರೆ. ಸರಳವಾಗಿ ಹೇಳಿದರೆ ಹೀಗೆ: ನಮಗೆ ಒಳಗೆ ಏನೋ ಅನಿಸುತ್ತದೆ, ಆದರೆ ಅದು ಸರಿಯೋ ಅಲ್ಲವೋ ಅನ್ನುವ ಅನುಮಾನ ಇರುತ್ತದೆ. ಇನ್ನೊಬ್ಬರಿಗೂ ಹಾಗೇ ಅನಿಸಿದೆ ಅಂತ ಗೊತ್ತಾದಾಗ ಆ ಅನಿಸಿಕೆ ಗಟ್ಟಿಯಾಗುತ್ತದೆ. "ಹೀರೋ ತಂದೆಯ ಹತ್ತಿರ ಕ್ಷಮೆ ಕೇಳೋ ಸೀನ್ ಇದೆಯಲ್ಲ, ಅಲ್ಲಿ ನನಗೆ ಅಳು ಬರಲೇ ಇಲ್ಲ, ಸಿಟ್ಟು ಬಂತು" ಅಂತ ಪಾಡ್‌ಕಾಸ್ಟಿನಲ್ಲಿ ಒಬ್ಬಳು ಹೇಳಿದಾಗ ಕೇಳುಗನಿಗೆ ಆಗುವ ಖುಷಿ ಇದೇ. ಅವನಿಗೂ ಸಿಟ್ಟು ಬಂದಿತ್ತು. ಹೇಳೋಕೆ ಬಂದಿರಲಿಲ್ಲ ಅಷ್ಟೇ.

ಒಪ್ಪದೇ ಇದ್ದಾಗಲೂ ಖುಷಿ ಕಡಿಮೆಯಾಗುವುದಿಲ್ಲ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಯಾರೋ "ಥೂ, ಅದಲ್ಲ ಮಾರಾಯಾ" ಅಂತ ಗೊಣಗಿದರೆ ಪಕ್ಕದವರು ತಿರುಗಿ ನೋಡುತ್ತಾರೆ. ಪಾಡ್‌ಕಾಸ್ಟಿಗೆ ಅದು ಕೇಳಿಸುವುದಿಲ್ಲ. ಆದರೆ ಗೊಣಗಿದವರು ಆ ಹೊತ್ತಿಗೆ ಚರ್ಚೆಯೊಳಗೆ ಹೋಗಿ ಕೂತಾಗಿದೆ.

ಮಾತಿನ ನಡುವಿನ ಸಂದು

ಬರೆದ ವಿಮರ್ಶೆ ಓದಿದಾಗ ಹೀಗಾಗುವುದು ಕಡಿಮೆ. ಇದಕ್ಕೆ ಕಾರಣ ಮಾತುಕತೆಯ ಲಯದಲ್ಲಿದೆ, ಮತ್ತು ಈ ಇಡೀ ವಿಷಯದಲ್ಲಿ ನನಗೆ ಅತಿ ಕುತೂಹಲದ ಭಾಗ ಇದೇ.

2009ರಲ್ಲಿ ತಾನ್ಯಾ ಸ್ಟೈವರ್ಸ್ ಮತ್ತು ಸಂಗಡಿಗರು ಬೇರೆ ಬೇರೆ ಖಂಡಗಳ ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು ನೋಡಿದರು. ಒಬ್ಬರು ಪ್ರಶ್ನೆ ಮುಗಿಸಿ ಇನ್ನೊಬ್ಬರು ಉತ್ತರ ಶುರು ಮಾಡುವುದರ ನಡುವೆ ಎಷ್ಟು ಹೊತ್ತು? ಸರಾಸರಿ ಸುಮಾರು 200 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಭಾಷೆಯಿಂದ ಭಾಷೆಗೆ ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಎಲ್ಲ ಕಡೆ ಹೆಚ್ಚುಕಡಿಮೆ ಇದೇ ಲೆಕ್ಕ.

ಇದರಲ್ಲಿ ಏನು ವಿಶೇಷ ಅನ್ನಬಹುದು. ಒಂದು ಚಿತ್ರ ತೋರಿಸಿ ಇದೇನು ಅಂತ ಕೇಳಿದರೆ, ಆ ಒಂದು ಪದವನ್ನು ಹುಡುಕಿ ಬಾಯಿಂದ ಹೊರಡಿಸಲು ನಮಗೆ ಸುಮಾರು 600 ಮಿಲಿಸೆಕೆಂಡ್ ಬೇಕು. ಉತ್ತರ ಬರುವುದು 200ರಲ್ಲಿ. ಹಾಗಾದರೆ ಉತ್ತರ ತಯಾರಾಗಲು ಶುರುವಾಗಿದ್ದು ಯಾವಾಗ? ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ. ಅವರ ವಾಕ್ಯ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಊಹಿಸಿ, ಅಷ್ಟರಲ್ಲಿ ನಮ್ಮದನ್ನು ಸಿದ್ಧ ಮಾಡಿಟ್ಟುಕೊಂಡಿರುತ್ತೇವೆ. ಮಾತುಕತೆ ಅಂದರೆ ಇಬ್ಬರೂ ಸದಾ ಒಬ್ಬರನ್ನೊಬ್ಬರು ಊಹಿಸುತ್ತಾ ಇರುವ ಕೆಲಸ.

ಪಾಡ್‌ಕಾಸ್ಟ್ ಕೇಳುವವರು ಮಾತಾಡಬೇಕಿಲ್ಲ. ಆದರೆ ಊಹಿಸುವ ಅಭ್ಯಾಸ ಸುಮ್ಮನೆ ಕೂರುವುದಿಲ್ಲ. ಒಬ್ಬ "ಮ್ಯೂಸಿಕ್ ಚೆನ್ನಾಗಿತ್ತು, ಆದ್ರೆ..." ಅಂತ ಎಳೆದ ಕೂಡಲೇ ಮುಂದಿನ ಮಾತು ನಮ್ಮ ತಲೆಯಲ್ಲೂ ಹುಟ್ಟುತ್ತದೆ. ಗೆಳತಿ ಅವನ ಮಾತಿಗೆ ಅಡ್ಡ ಬಂದು ಅದನ್ನೇ ಹೇಳಿದರೆ ನಾವೇ ಹೇಳಿದಷ್ಟು ಸಮಾಧಾನ. ಬೇರೆ ಹೇಳಿದರೆ ಕಿವಿ ನೆಟ್ಟಗಾಗುತ್ತದೆ. ಬರೆದದ್ದನ್ನು ನೋಡಿ ಓದುವ ಧ್ವನಿಯಲ್ಲಿ ಈ ಸಂದುಗಳು ಇರುವುದಿಲ್ಲ. ವಾಕ್ಯ ಅಚ್ಚುಕಟ್ಟಾಗಿರುತ್ತದೆ, ನಮಗೆ ನುಸುಳಲು ಜಾಗವೇ ಇರುವುದಿಲ್ಲ. ಹವ್ಯಾಸಿಗಳ ಮಾತು ತೊದಲುತ್ತದೆ, ಹಿಂದೆ ಹೋಗುತ್ತದೆ, ಅರ್ಧಕ್ಕೆ ನಿಲ್ಲುತ್ತದೆ. ಆ ಅರ್ಧವನ್ನು ಕೇಳುಗರು ತುಂಬಿಸುತ್ತಾರೆ.

ನಗುವಿನದೂ ಇದೇ ಕಥೆ. ನಗುವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ರಾಬರ್ಟ್ ಪ್ರೊವೈನ್ ಪ್ರಕಾರ ಜನ ಒಬ್ಬರೇ ಇದ್ದಾಗ ನಗುವುದಕ್ಕಿಂತ ಸುಮಾರು 30 ಪಟ್ಟು ಜಾಸ್ತಿ ಬೇರೆಯವರ ಜೊತೆ ಇದ್ದಾಗ ನಗುತ್ತಾರೆ. ಇನ್ನೂ ಒಂದು ಮಾತು ಅವರು ಕಂಡುಕೊಂಡರು. ನಗು ಬರುವ ಮುಂಚೆ ಜನ ಆಡಿದ ಮಾತುಗಳನ್ನು ಬರೆದಿಟ್ಟು ನೋಡಿದರೆ ಹೆಚ್ಚಿನವು ಜೋಕೇ ಅಲ್ಲ. "ಆಮೇಲೆ ಸಿಗೋಣ" ಅನ್ನುವಂಥ ಸಾದಾ ಮಾತುಗಳು. ನಗು ಬರುವುದು ಜೊತೆಯಲ್ಲಿದ್ದೇವೆ ಅನ್ನುವ ಕಾರಣಕ್ಕೆ. ಪಾಡ್‌ಕಾಸ್ಟಿನಲ್ಲಿ ಮೂವರು ಯಾವುದೋ ಹಳೇ ಮಾತಿಗೆ ಬಿದ್ದು ಬಿದ್ದು ನಕ್ಕಾಗ, ಹತ್ತನೇ ಕಂತು ಕೇಳುತ್ತಿರುವವರೂ ನಗುತ್ತಾರೆ. ಮೊದಲ ಸಲ ಕೇಳುವವರಿಗೆ ಮಾತ್ರ ಇವರಿಗೇನಾಯ್ತು ಅನಿಸುತ್ತದೆ.

ಇದಕ್ಕೆ ಇಯರ್‌ಫೋನೂ ಸೇರಿಕೊಳ್ಳುತ್ತದೆ. ಸ್ಪೀಕರಿನಿಂದ ಬಂದ ಧ್ವನಿ ಎದುರಿನಿಂದ ಬಂದಂತೆ ಕೇಳುತ್ತದೆ. ಎರಡೂ ಕಿವಿಗೆ ನೇರವಾಗಿ ಬಿಟ್ಟ ಧ್ವನಿ ತಲೆಯ ಒಳಗೇ ಯಾರೋ ಮಾತಾಡಿದಂತೆ ಕೇಳುತ್ತದೆ. ಮೈಕಿಗೆ ಬಾಯಿ ಹತ್ತಿರ ಇಟ್ಟು ಮಾತಾಡಿದರೆ ಧ್ವನಿಯ ತಗ್ಗಿನ ಭಾಗ ಗಟ್ಟಿಯಾಗಿ, ಕಿವಿಯ ಪಕ್ಕ ಕೂತು ಹೇಳಿದ ಹಾಗೆ ಇರುತ್ತದೆ. ಅಷ್ಟು ಹತ್ತಿರದಿಂದ ನಮಗೆ ಮಾತಾಡುವವರು ಮನೆಯವರು, ಆಪ್ತರು ಮಾತ್ರ ಅಲ್ವಾ? ಮನಸ್ಸು ಅದೇ ಲೆಕ್ಕ ಹಾಕುತ್ತದೆ.

ಕಾಫಿ ಚೆಲ್ಲಿದವರು

ಹವ್ಯಾಸಿಗಳು ತಪ್ಪು ಮಾಡುತ್ತಾರೆ. ವರ್ಷ ತಪ್ಪು ಹೇಳುತ್ತಾರೆ, ಛಾಯಾಗ್ರಾಹಕರ ಹೆಸರು ಮರೆಯುತ್ತಾರೆ. ಇದು ಅವರಿಗೆ ತೊಂದರೆಯಾಗಬೇಕಿತ್ತು. ಆದರೆ ಕೇಳುಗರು ಇದನ್ನೇ ಇಷ್ಟಪಡುತ್ತಾರೆ. ಯಾಕೆ ಅನ್ನುವುದಕ್ಕೆ ಕಾಫಿ ನಾಡಿನವರಿಗೆ ಹೇಳಿ ಮಾಡಿಸಿದಂಥ ಒಂದು ಪ್ರಯೋಗವಿದೆ.

1966ರಲ್ಲಿ ಎಲಿಯಟ್ ಆರನ್ಸನ್ ಮತ್ತು ಜೊತೆಗಾರರು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಟೇಪುಗಳನ್ನು ಕೇಳಿಸಿದರು. ವಿಡಿಯೋ ಅಲ್ಲ, ಬರೀ ಧ್ವನಿ. ಕ್ವಿಜ್ ತಂಡಕ್ಕೆ ಸೇರಲು ಬಂದ ಒಬ್ಬನ ಸಂದರ್ಶನ ಅದು. ಒಂದು ಟೇಪಿನಲ್ಲಿ ಅವನು 92 ಶೇಕಡ ಪ್ರಶ್ನೆಗಳಿಗೆ ಸರಿ ಉತ್ತರ ಹೇಳುತ್ತಾನೆ, ಇನ್ನೊಂದರಲ್ಲಿ 30 ಶೇಕಡ. ಎರಡರದ್ದೂ ಇನ್ನೊಂದೊಂದು ಪ್ರತಿ ಇತ್ತು. ಅದರಲ್ಲಿ ಕೊನೆಗೆ ಗಡಬಡ ಸದ್ದು, ಕುರ್ಚಿ ಎಳೆದ ಸದ್ದು, ಅಯ್ಯೋ ಹೊಸ ಸೂಟಿನ ಮೇಲೆ ಕಾಫಿ ಚೆಲ್ಲಿಕೊಂಡೆ ಅಂತ ಅವನ ಗೋಳು. ಜಾಣ ಕಾಫಿ ಚೆಲ್ಲಿದಾಗ ಕೇಳಿದವರಿಗೆ ಅವನು ಇನ್ನೂ ಇಷ್ಟವಾದ. ದಡ್ಡ ಚೆಲ್ಲಿದಾಗ ಅವನ ಮೇಲಿದ್ದ ಅಷ್ಟಿಷ್ಟು ಇಷ್ಟವೂ ಹೋಯಿತು.

ಪ್ರಯೋಗದ ಎರಡನೇ ಭಾಗವನ್ನು ಪಾಡ್‌ಕಾಸ್ಟ್ ಮಾಡುವವರು ಮರೆಯುತ್ತಾರೆ. ತಪ್ಪು ಮಾಡಿದರೆ ಆಪ್ತರಾಗುತ್ತೇವೆ ಅಂತ ಕೆಲವರು ತಯಾರಿಯೇ ಇಲ್ಲದೆ ಬಂದು ಕೂರುತ್ತಾರೆ. ಮೊದಲ ಅರ್ಧ ಗಂಟೆ ವಾರಾಂತ್ಯ ಏನು ಮಾಡಿದಿರಿ ಅನ್ನುವುದರಲ್ಲೇ ಹೋಗುತ್ತದೆ, ಸಿನಿಮಾ ಬಂದಾಗ "ಸಖತ್ತಾಗಿತ್ತು ಗುರು" ಅನ್ನುವುದರ ಆಚೆ ಮಾತಿಲ್ಲ. ಹವ್ಯಾಸಿಗಳ ಪಾಡ್‌ಕಾಸ್ಟುಗಳಲ್ಲಿ ಇಂಥವು ಬೇಕಾದಷ್ಟಿವೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಜನ ಮೆಚ್ಚಿ ಉಳಿಸಿಕೊಳ್ಳುವುದು ಸಿನಿಮಾವನ್ನು ನಿಜವಾಗಿ ಅರೆದು ಕುಡಿದವರನ್ನು. ಅಂಥವರು ಹೆಸರು ಮರೆತು ತಡಕಾಡಿದಾಗ ಮಾತ್ರ ಅದು ಚೆಂದ.

ವೃತ್ತಿಪರರಿಗೆ ಇಲ್ಲದ ಇನ್ನೊಂದು ಅನುಕೂಲ ಇವರಿಗಿದೆ: ಜಾಗ ಮತ್ತು ಹೊತ್ತು. ಪತ್ರಿಕೆಯ ವಿಮರ್ಶೆಗೆ ಸಿಗುವುದು ಕೆಲವು ನೂರು ಪದ. ಅದರಲ್ಲಿ ಕಥೆ ಹೇಳಬೇಕು, ನಟನೆ ಹೇಳಬೇಕು, ತಾಂತ್ರಿಕ ವರ್ಗಕ್ಕೆ ಒಂದು ಸಾಲು ಕೊಡಬೇಕು. ಅದೂ ಸಿನಿಮಾ ಬಿಡುಗಡೆಯಾದ ದಿನವೇ, ಇನ್ನೂ ನೋಡದವರಿಗಾಗಿ. ಟಿವಿಯಲ್ಲಿ ಇಬ್ಬರು ಕೂತು ಸಿನಿಮಾದ ಬಗ್ಗೆ ಜಗಳ ಆಡುವುದನ್ನು ಜನಪ್ರಿಯ ಮಾಡಿದವರು ಷಿಕಾಗೋದ ರೋಜರ್ ಎಬರ್ಟ್ ಮತ್ತು ಜೀನ್ ಸಿಸ್ಕೆಲ್. ಇಬ್ಬರೂ ಎದುರಾಳಿ ಪತ್ರಿಕೆಗಳ ವಿಮರ್ಶಕರು. 1975ರಲ್ಲಿ ಅವರ ಕಾರ್ಯಕ್ರಮ ಶುರುವಾಯಿತು. ಜನ ನೋಡಿದ್ದು ಅವರ ತೀರ್ಪಿಗಿಂತ ಜಾಸ್ತಿ ಅವರ ಗುದ್ದಾಟವನ್ನು. ಆದರೆ ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಹಲವು ಸಿನಿಮಾ ಮುಗಿಸಬೇಕಿತ್ತು. ಒಂದೇ ದೃಶ್ಯದ ಮೇಲೆ ಇಪ್ಪತ್ತು ನಿಮಿಷ ಕೂರುವ ಸ್ವಾತಂತ್ರ್ಯ ಅವರಿಗೂ ಇರಲಿಲ್ಲ.

ಆ ಇಪ್ಪತ್ತು ನಿಮಿಷದಲ್ಲಿ ಏನೆಲ್ಲ ಬರಬಹುದು ಅನ್ನುವುದಕ್ಕೆ ನಮ್ಮ ಹತ್ತಿರದ ಉದಾಹರಣೆ ಕೊಡುತ್ತೇನೆ. 2016ರ ಕೊನೆಗೆ ಬಂದ 'ಕಿರಿಕ್ ಪಾರ್ಟಿ'ಯ ಕಾಲೇಜಿನ ದೃಶ್ಯಗಳನ್ನು ಚಿತ್ರೀಕರಿಸಿದ್ದು ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಲ್ಲಿ. ಬೆಂಗಳೂರಿನ ವಿಮರ್ಶಕರಿಗೆ ಅದು ಒಂದು ಕಾಲೇಜು. ಹಾಸನದವರಿಗೆ ಅದು ಎಂ.ಸಿ.ಇ. ಅಲ್ಲಿ ಓದಿದವರೊಬ್ಬರು ಚರ್ಚೆಯಲ್ಲಿ ಕೂತರೆ ಹಾಸ್ಟೆಲ್ ದೃಶ್ಯದಲ್ಲಿ ಯಾವುದು ನಿಜಕ್ಕೆ ಹತ್ತಿರ, ಯಾವುದು ಸಿನಿಮಾಕ್ಕಾಗಿ ಹಿಗ್ಗಿಸಿದ್ದು, ಸಣ್ಣ ಊರಿನ ಕಾಲೇಜಿಗೆ ಬಂದ ಹುಡುಗ ಮೊದಲ ವರ್ಷ ಹೇಗಿರುತ್ತಾನೆ, ಎಲ್ಲ ಬರುತ್ತದೆ. ಮಳೆಯ ಹಾಡು ನೋಡಿದಾಗ ಸಕಲೇಶಪುರದವರ ಕಣ್ಣು ಹೀರೋಯಿನ್ ಹಿಂದಿನ ತೋಟದ ಮೇಲಿರುತ್ತದೆ: ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ಆಗಿದೆಯೋ ಇಲ್ಲವೋ, ಕಾಫಿ ಗಿಡ ಅರೇಬಿಕಾನೋ ರೋಬಸ್ಟಾನೋ. ವಿಮರ್ಶೆಯಲ್ಲಿ ಇದಕ್ಕೆ ಜಾಗವಿಲ್ಲ. ಹರಟೆಯಲ್ಲಿ ಇದೇ ಮುಖ್ಯ ವಿಷಯ.

ಕೈ ಕೆಲಸದಲ್ಲಿ, ಕಿವಿ ಖಾಲಿ

ಎರಡು ಗಂಟೆ ಯಾರಿಗಿದೆ ಅನ್ನುವವರು ಒಂದು ವಿಷಯ ಗಮನಿಸಬೇಕು. ಪಾಡ್‌ಕಾಸ್ಟಿಗಾಗಿ ಯಾರೂ ಬೇರೆ ಹೊತ್ತು ಎತ್ತಿಡುವುದಿಲ್ಲ. ಚಿಕ್ಕಮಗಳೂರಿನಿಂದ ಬೇಲೂರಿನ ಮೇಲೆ ಹಾಸನಕ್ಕೆ ಸುಮಾರು 60 ಕಿಲೋಮೀಟರ್, ಬಸ್ಸಿನಲ್ಲಿ ಒಂದೂವರೆ ಗಂಟೆ. ಕಣದಲ್ಲಿ ಕಾಫಿ ಕೈಯಾಡಿಸುವಾಗ, ಶುಂಠಿ ತೊಳೆಯುವಾಗ, ಅಡುಗೆ ಮಾಡುವಾಗ ಕೈ ಕಣ್ಣು ಎರಡೂ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ಮೊದಲು ಆ ಜಾಗದಲ್ಲಿ ಹಾಸನ ಆಕಾಶವಾಣಿ ಇತ್ತು, ಈಗಲೂ ಎಷ್ಟೋ ಕಡೆ ಇದೆ. ರೇಡಿಯೋ ತನ್ನ ಹೊತ್ತಿಗೆ ಬಂದು ಹೋಗುತ್ತದೆ, ಪಾಡ್‌ಕಾಸ್ಟ್ ನಾವು ಬರುವ ತನಕ ಕಾಯುತ್ತದೆ.

ಕಾಯುವುದು ಹೇಗೆ ಅನ್ನುವುದರಲ್ಲಿ ಒಂದು ಸಣ್ಣ ತಂತ್ರಜ್ಞಾನವಿದೆ. ಸಾಮಾನ್ಯವಾಗಿ ಪಾಡ್‌ಕಾಸ್ಟಿಗೆ ಒಂದು ಆರ್‌ಎಸ್‌ಎಸ್ ಫೀಡ್ ಇರುತ್ತದೆ. ಯಾವ ಕಂತು ಬಂದಿದೆ, ಅದರ ಫೈಲ್ ಎಲ್ಲಿದೆ ಅನ್ನುವ ಪಟ್ಟಿ ಅದು. ಫೋನಿನ ಆ್ಯಪ್ ಆಗಾಗ ಪಟ್ಟಿ ನೋಡಿ, ಹೊಸದಿದ್ದರೆ ಫೈಲನ್ನು ಇಳಿಸಿಕೊಳ್ಳುತ್ತದೆ. 2000ದ ದಶಕದ ಮೊದಲ ವರ್ಷಗಳಲ್ಲಿ ರೂಪುಗೊಂಡ ಈ ವಿಧಾನ, 2005ರಲ್ಲಿ ಆಪಲ್ ಕಂಪನಿ ತನ್ನ ಐಟ್ಯೂನ್ಸಿಗೆ ಸೇರಿಸಿದ ಮೇಲೆ ಎಲ್ಲೆಡೆ ಹರಡಿತು. ಮಾತಿಗೆ ಸಾಕಾಗುವಂತೆ 64 ಕೆಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 64 ಕಿಲೋಬಿಟ್ ಲೆಕ್ಕದಲ್ಲಿ ಮಾಡಿದ ಒಂದು ಗಂಟೆಯ ಆಡಿಯೋ ಸುಮಾರು 29 ಎಂಬಿ. ಅಷ್ಟು ಹೊತ್ತಿನ ವಿಡಿಯೋಗೆ ನೂರಾರು ಎಂಬಿ ಬೇಕು.

ಈ ಲೆಕ್ಕ ಬೆಂಗಳೂರಿನವರಿಗೆ ಬೇಡ, ಘಟ್ಟದವರಿಗೆ ಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲು ದಾರಿ ಸುಮಾರು 55 ಕಿಲೋಮೀಟರ್, ಅದರಲ್ಲಿ 57 ಸುರಂಗ. ಅಲ್ಲಿ ಆನ್‌ಲೈನ್ ವಿಡಿಯೋ ನೋಡಲು ಕೂತವರ ಪರದೆಯಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. ಹಾಸನದಲ್ಲೇ ಕಂತು ಇಳಿಸಿಕೊಂಡವರು ಸುರಂಗದೊಳಗೂ ನಗುತ್ತಿರುತ್ತಾರೆ.

ಗೊತ್ತಿಲ್ಲದವರ ಗೆಳೆತನ

ಒಂದು ವರ್ಷ ಕೇಳಿದ ಮೇಲೆ ಆ ಮೂವರು ಗೆಳೆಯರಾಗಿಬಿಡುತ್ತಾರೆ. ಅವರಲ್ಲಿ ಯಾರಿಗೆ ಮದುವೆಯಾಯಿತು, ಯಾರಿಗೆ ಹಾರರ್ ಅಂದರೆ ಹೆದರಿಕೆ, ಎಲ್ಲ ನಮಗೆ ಗೊತ್ತು. ನಾವು ಯಾರು ಅಂತ ಅವರಿಗೆ ಗೊತ್ತಿಲ್ಲ. 1956ರಲ್ಲೇ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಅನ್ನುವ ಇಬ್ಬರು ರೇಡಿಯೋ, ಟಿವಿ ನಿರೂಪಕರ ಬಗ್ಗೆ ಬರೆಯುತ್ತಾ ಈ ಒಮ್ಮುಖದ ಸಂಬಂಧವನ್ನು ಗುರುತಿಸಿ 'ಪ್ಯಾರಾಸೋಶಿಯಲ್' ಅಂತ ಹೆಸರಿಟ್ಟರು. ಇದನ್ನು ಕೇಳಿ ಗಾಬರಿಯಾಗಬೇಕಿಲ್ಲ. ಆಕಾಶವಾಣಿಯ ಉದ್ಘೋಷಕಿಯ ಧ್ವನಿ ಒಂದು ದಿನ ಕೇಳದಿದ್ದರೆ ಹುಷಾರಿಲ್ಲವೇನೋ ಅಂದುಕೊಳ್ಳುತ್ತಿದ್ದ ಅಜ್ಜಿಯಂದಿರೂ ನಮ್ಮಲ್ಲಿದ್ದರು.

ತೊಂದರೆ ಬರುವುದು ಈ ಗೆಳೆತನಕ್ಕೆ ಬೆಲೆ ಕಟ್ಟಲು ಯಾರಾದರೂ ಬಂದಾಗ. ಪಾಡ್‌ಕಾಸ್ಟ್ ಸ್ವಲ್ಪ ಹೆಸರು ಮಾಡಿದರೆ ಪ್ರಚಾರದವರ ಫೋನ್ ಬರುತ್ತದೆ. ಬಿಡುಗಡೆಗೆ ಮುಂಚೆ ಪ್ರೀಮಿಯರ್ ಟಿಕೆಟ್, ನಟನ ಜೊತೆ ಅರ್ಧ ಗಂಟೆ ಮಾತು. ಒಪ್ಪಿದ ಮೇಲೆ ಮುಂದಿನ ಕಂತಿನಲ್ಲಿ ಮಾತು ಮೃದುವಾಗುತ್ತದೆ. ಮೊದಲು "ಈ ಸೀನ್ ಸುಳ್ಳು" ಅನ್ನುತ್ತಿದ್ದವರು "ಪ್ರಯತ್ನ ಮೆಚ್ಚಬೇಕು" ಅನ್ನಲು ಶುರು ಮಾಡುತ್ತಾರೆ. ದುಡ್ಡು ತೆಗೆದುಕೊಳ್ಳುವುದು ತಪ್ಪೇನಲ್ಲ, ಮೈಕು ಸುಮ್ನೆ ಬರುವುದಿಲ್ಲ. ತೆಗೆದುಕೊಂಡದ್ದನ್ನು ಮೊದಲೇ ಹೇಳಿದರೆ ಸಾಕು. ಹೇಳದೇ ಇದ್ದರೂ ಹಳೇ ಕೇಳುಗರಿಗೆ ಗೊತ್ತಾಗುತ್ತದೆ. ಅಷ್ಟು ದಿನ ಧ್ವನಿಯನ್ನು ಹತ್ತಿರದಿಂದ ಕೇಳಿದವರು ಅವರು.

ಕೊನೆಗೆ, ಇದನ್ನೆಲ್ಲ ಓದಿ ನಾವೂ ಒಂದು ಶುರು ಮಾಡೋಣ ಅನಿಸಿದ ಹಾಸನ, ಚಿಕ್ಕಮಗಳೂರಿನ ಗೆಳೆಯರಿಗೆ ಒಂದು ಎಚ್ಚರಿಕೆ. ಕೇಳುಗರು ಮರೆವು ಕ್ಷಮಿಸುತ್ತಾರೆ, ಕುಕ್ಕರ್ ಕ್ಷಮಿಸುತ್ತಾರೆ, ಕೆಟ್ಟ ಧ್ವನಿ ಕ್ಷಮಿಸುವುದಿಲ್ಲ. ಎರಿನ್ ನ್ಯೂಮನ್ ಮತ್ತು ನಾರ್ಬರ್ಟ್ ಶ್ವಾರ್ಜ್ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿಜ್ಞಾನಿಗಳ ಅದೇ ಮಾತುಗಳನ್ನು ಒಳ್ಳೆಯ ಧ್ವನಿಯಲ್ಲೂ ಕೆಡಿಸಿದ ಧ್ವನಿಯಲ್ಲೂ ಕೇಳಿಸಿದರು. ಧ್ವನಿ ಕೆಟ್ಟಾಗ ಜನರಿಗೆ ಆ ಸಂಶೋಧನೆಯೇ ಕಳಪೆ ಅನಿಸಿತು. ಖಾಲಿ ಗೋಡೆಯ ರೂಮು ಬೇಡ, ಪ್ರತಿಧ್ವನಿ ಬರುತ್ತದೆ. ಬಟ್ಟೆಯ ಬೀರು, ಹಾಸಿಗೆ, ದಪ್ಪ ಪರದೆ ಇರುವ ಮಲಗುವ ಕೋಣೆ ಒಳ್ಳೆಯದು. ಮೈಕಿಗೂ ಬಾಯಿಗೂ ಒಂದು ಗೇಣಿಗಿಂತ ಜಾಸ್ತಿ ದೂರ ಬೇಡ. ಮತ್ತೆ ಮೂಡಿಗೆರೆ, ಸಕಲೇಶಪುರದ ಕಡೆಯವರು ಶೀಟಿನ ಮನೆಯಲ್ಲಿದ್ದರೆ ಪುನರ್ವಸು, ಪುಷ್ಯ ಮಳೆಯ ತಿಂಗಳಿಗೆ ಬೇಕಾದ ಕಂತುಗಳನ್ನು ಮೇ ತಿಂಗಳಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ.